ರಿಪೇರಿಗೆ ಯಾರೂ ಬರದ ಜಾಗಕ್ಕೆ ನೀರಿನ ಯಂತ್ರ ಕಟ್ಟುವ ಕೆಲಸ: ನನ್ನ ಅನುಭವ

ಏನು ಕೆಲಸ ಮಾಡುತ್ತೀರಿ ಅಂತ ಕೇಳಿದವರಿಗೆ ನಾನು ಒಂದೇ ಸಾಲಿನ ಉತ್ತರ ಕೊಡುತ್ತೇನೆ: ಗಗನಯಾತ್ರಿಗಳ ಮೂತ್ರವನ್ನು ಮತ್ತೆ ಕುಡಿಯುವ ನೀರು ಮಾಡುವ ಯಂತ್ರ ಕಟ್ಟುತ್ತೇವೆ. ಮೊದಲು ಮುಖ ಸಿಂಡರಿಸುತ್ತಾರೆ. ಆಮೇಲೆ, ಸ್ವಲ್ಪ ವಿಷಯ ಗೊತ್ತಿರುವವರು ಕೇಳುತ್ತಾರೆ, "ಅದು ಸ್ಪೇಸ್ ಸ್ಟೇಷನ್‌ನಲ್ಲಿ ಆಗಲೇ ಇದೆಯಲ್ಲ, ನೀವು ಹೊಸದಾಗಿ ಏನ್ ಮಾಡ್ತೀರಿ?"

ಇದೆ, ನಿಜ. 2008ರ ನವೆಂಬರ್‌ನಲ್ಲಿ ಶಟಲ್ ನೌಕೆ ಅದನ್ನು ಹೊತ್ತುಕೊಂಡು ಹೋಯಿತು. 2009ರ ಮೇ ತಿಂಗಳಲ್ಲಿ ಅಲ್ಲಿನವರು ಆ ನೀರನ್ನು ಕುಡಿಯಲು ಶುರು ಮಾಡಿದರು. ಆದರೆ ಆ ನಿಲ್ದಾಣ ಇರುವುದು ಬರೀ 400 ಕಿ.ಮೀ ಎತ್ತರದಲ್ಲಿ. ಪಂಪ್ ಕೆಟ್ಟರೆ ಮುಂದಿನ ಸರಕು ನೌಕೆಯಲ್ಲಿ ಇನ್ನೊಂದು ಪಂಪ್ ಹೋಗುತ್ತದೆ. ಪರಿಸ್ಥಿತಿ ಕೈಮೀರಿದರೆ ಜನ ತಮ್ಮ ನೌಕೆ ಹತ್ತಿ ಕೆಲವು ಗಂಟೆಗಳಲ್ಲಿ ನೆಲಕ್ಕೆ ಇಳಿಯಬಹುದು. ಚಂದ್ರ 3.84 ಲಕ್ಷ ಕಿ.ಮೀ ದೂರ. ಮಂಗಳ ತೀರಾ ಹತ್ತಿರ ಬಂದಾಗಲೂ ಸುಮಾರು 5.5 ಕೋಟಿ ಕಿ.ಮೀ, ದೂರ ಸರಿದಾಗ 40 ಕೋಟಿ. ಹೋಗಿ ಬರಲು ಎರಡೂವರೆಯಿಂದ ಮೂರು ವರ್ಷ. ಅರ್ಧ ದಾರಿಯಲ್ಲಿ ಪಂಪ್ ಕೆಟ್ಟಿತು ಅಂತ ಗಾಡಿ ತಿರುಗಿಸಿಕೊಂಡು ಬರಲು ಆಗುವುದಿಲ್ಲ. ನಮ್ಮ ಕೆಲಸ ಶುರುವಾಗುವುದೇ ಇಲ್ಲಿಂದ.

ಲೆಕ್ಕ ಹೇಳಿಬಿಡುತ್ತೇನೆ. ನಿಲ್ದಾಣದಲ್ಲಿ ಕುಡಿಯಲು, ಊಟ ತಯಾರಿಸಲು, ಹಲ್ಲುಜ್ಜಲು ಎಲ್ಲ ಸೇರಿ ಒಬ್ಬರಿಗೆ ದಿನಕ್ಕೆ ಸುಮಾರು 3.8 ಲೀಟರ್ ನೀರು ಬೇಕು. ನಾಲ್ಕು ಜನ, 1000 ದಿನ ಅಂದುಕೊಳ್ಳಿ. 15,200 ಲೀಟರ್ ಆಯಿತು, ಅಂದರೆ 15 ಟನ್ನಿಗೂ ಜಾಸ್ತಿ. ಅಷ್ಟನ್ನು ಹೊತ್ತುಕೊಂಡು ಹೋಗುವ ಮಾತೇ ಇಲ್ಲ. ಬಳಸಿದ ನೀರಿನಲ್ಲಿ 85% ವಾಪಸ್ ಬಂದರೆ ಸುಮಾರು 2,300 ಲೀಟರ್ ಒಯ್ದರೆ ಸಾಕು. 98% ವಾಪಸ್ ಬಂದರೆ ಬರೀ 300 ಲೀಟರ್. ನಿಲ್ದಾಣದಲ್ಲಿ 2021ರಲ್ಲಿ ಹೊಸ ಘಟಕ ಒಂದನ್ನು ಸೇರಿಸಿ, ಮೂತ್ರ ಬಟ್ಟಿ ಇಳಿಸಿದ ಮೇಲೆ ಉಳಿಯುವ ಗಟ್ಟಿ ಉಪ್ಪಿನ ದ್ರಾವಣದಿಂದಲೂ ನೀರು ತೆಗೆಯಲು ಶುರು ಮಾಡಿದರು. ನಮ್ಮ ಕಡೆ ಆ ದ್ರಾವಣವನ್ನು ಬ್ರೈನ್ ಅಂತಲೇ ಕರೆಯುವುದು. 2023ರಲ್ಲಿ 98% ಮುಟ್ಟಿದ್ದಾಗಿ ನಾಸಾ ಹೇಳಿತು. ದೊಡ್ಡ ಸಾಧನೆಯೇ, ಅನುಮಾನವಿಲ್ಲ.

ಅದಾದ ಮೇಲೆ ಎಲ್ಲರಿಗೂ ಈ ಶೇಕಡಾ ಹುಚ್ಚು ಹಿಡಿದಿದೆ. ಪರಿಶೀಲನೆಗೆ ಬಂದವರ ಮೊದಲ ಪ್ರಶ್ನೆ ಅದೇ, "ನಿಮ್ಮದು ಎಷ್ಟು ಪರ್ಸೆಂಟ್?" ನನ್ನ ಲೆಕ್ಕ ಬೇರೆ. 93% ಕೊಡುವ ಯಂತ್ರ ಇದೆ ಅಂದುಕೊಳ್ಳಿ, ಮೂರು ವರ್ಷ ತಕರಾರಿಲ್ಲದೆ ಓಡುತ್ತದೆ. ಅದಕ್ಕೆ ಒಯ್ಯಬೇಕಾದ ನೀರು ಸುಮಾರು 1,060 ಲೀಟರ್, ಅಂದರೆ 98ರ ಯಂತ್ರಕ್ಕಿಂತ ಮುಕ್ಕಾಲು ಟನ್ ಜಾಸ್ತಿ. 98 ಕೊಡುವ ಯಂತ್ರ 400ನೇ ದಿನ ಕೆಟ್ಟು ನಿಂತರೆ? ಉಳಿದ 600 ದಿನಕ್ಕೆ ನಾಲ್ಕು ಜನರಿಗೆ 9,000 ಲೀಟರಿಗೂ ಹೆಚ್ಚು ನೀರು ಬೇಕು. ಅದು ಎಲ್ಲಿಂದಲೂ ಬರುವುದಿಲ್ಲ. ಹಾಗಾಗಿ ನಮ್ಮ ತಂಡದಲ್ಲಿ ಶೇಕಡಾವಾರು ಎರಡನೇ ಪ್ರಶ್ನೆ. ಮೊದಲನೆಯದು, ಇದು ಎಲ್ಲಿ ಕಟ್ಟಿಕೊಳ್ಳುತ್ತದೆ, ಕಟ್ಟಿಕೊಂಡರೆ ಅಲ್ಲಿರುವವರೇ ಬಿಚ್ಚಿ ಸರಿ ಮಾಡಬಹುದಾ?

ಯಂತ್ರದ ಒಳಗೆ ಏನಾಗುತ್ತದೆ ಅಂತ ಚುಟುಕಾಗಿ ಹೇಳುತ್ತೇನೆ. ಭೂಮಿಯ ಮೇಲೆ ನೀರು ಕುದಿಸಿದರೆ ಆವಿ ಮೇಲಕ್ಕೆ ಹೋಗುತ್ತದೆ, ನೀರು ಕೆಳಗೆ ಉಳಿಯುತ್ತದೆ, ನಾವು ಏನೂ ಮಾಡಬೇಕಿಲ್ಲ. ತೂಕವಿಲ್ಲದ ಕಡೆ ಗುಳ್ಳೆ ಮೇಲೆ ಬರುವುದಿಲ್ಲ, ಯಾಕೆಂದರೆ ಅಲ್ಲಿ ಮೇಲೆ ಅನ್ನುವುದೇ ಇಲ್ಲ. ನೀರು, ಆವಿ, ನೊರೆ ಎಲ್ಲ ಒಂದೇ ಮುದ್ದೆ. ಅದಕ್ಕೆ ಒಂದು ಡ್ರಮ್ ಇಟ್ಟು ತಿರುಗಿಸುತ್ತಾರೆ. ವಾಷಿಂಗ್ ಮಷೀನ್ ಬಟ್ಟೆ ಹಿಂಡುವಾಗ ನೀರು ಗೋಡೆಗೆ ಹೋಗಿ ಅಂಟುತ್ತದಲ್ಲ, ಹಾಗೆ ಮೂತ್ರವೂ ಡ್ರಮ್ಮಿನ ಒಳಗೋಡೆಗೆ ತೆಳ್ಳಗೆ ಹರಡಿಕೊಳ್ಳುತ್ತದೆ. ಒಳಗೆ ಗಾಳಿಯ ಒತ್ತಡ ಕಡಿಮೆ ಇರುವುದರಿಂದ ಸ್ವಲ್ಪ ಬಿಸಿಗೇ ಆವಿಯಾಗುತ್ತದೆ. ಆ ಆವಿಯನ್ನು ಕಂಪ್ರೆಸರ್ ಒತ್ತಿ ಡ್ರಮ್ಮಿನ ಹೊರಗೋಡೆಗೆ ಕಳಿಸುತ್ತದೆ. ಅಲ್ಲಿ ಅದು ತಣಿದು ನೀರಾಗುವಾಗ ಬಿಡುವ ಬಿಸಿ ಒಳಗಿನ ಮೂತ್ರಕ್ಕೇ ವಾಪಸ್ ಸಿಗುತ್ತದೆ, ಹಾಗಾಗಿ ಕರೆಂಟ್ ಕಡಿಮೆ ಸಾಕು. ಈ ನೀರು ಇನ್ನೂ ಕುಡಿಯುವ ಹಾಗಿರುವುದಿಲ್ಲ. ಉಸಿರು, ಬೆವರಿನಿಂದ ಗಾಳಿಗೆ ಸೇರಿದ ತೇವವನ್ನೂ ಹಿಡಿದು ಇದರ ಜೊತೆ ಸೇರಿಸಿ, ಫಿಲ್ಟರ್‌ಗಳ ಸಾಲು ದಾಟಿಸಿ, ಬಿಸಿ ಮಾಡಿ, ಉಳಿದ ಸಾವಯವ ಕೊಳೆಯನ್ನು ಆಕ್ಸಿಜನ್ ಹಾಯಿಸಿ ಸುಟ್ಟು, ಆಮೇಲೆ ತೊಟ್ಟಿಗೆ.

ನಾವು ಕಟ್ಟಿದ್ದು ಒಬ್ಬ ಮನುಷ್ಯನ ಪಾಲಿನ ಮೂತ್ರಕ್ಕೆ ಸಾಕಾಗುವ ಸಣ್ಣ ಬೆಂಚು, ಅಂದರೆ ಪರೀಕ್ಷೆಗಾಗಿ ಜೋಡಿಸಿದ ಯಂತ್ರ. ಪುಟ್ಟ ಡ್ರಮ್, ಮೂರು ಪಂಪು, ಬ್ರೈನ್ ಒಣಗಿಸುವ ಒಂದು ಪೆಟ್ಟಿಗೆ, ಲೆಕ್ಕವಿಲ್ಲದಷ್ಟು ಪೈಪು. ಒಳಗೆ ಹಾಕುವುದಕ್ಕೆ ನಿಜವಾದ ಮೂತ್ರವೇ ಬೇಕು. ಯೂರಿಯಾ, ಉಪ್ಪು ಸೇರಿಸಿ ಕೃತಕವಾಗಿ ಮಾಡಿಕೊಳ್ಳುವ ಮಿಶ್ರಣಗಳಿವೆ. ಪಂಪ್ ಹರಿವು ನೋಡಲು, ಸೋರಿಕೆ ಹುಡುಕಲು ಅವು ಸಾಕು. ಆದರೆ ಕೃತಕ ಮೂತ್ರ ನೊರೆ ಬರುವ ರೀತಿಯೇ ಬೇರೆ, ಅದರಲ್ಲಿ ಪ್ರೋಟೀನಿನ ಚೂರು ಇಲ್ಲ, ಲೋಳೆ ಇಲ್ಲ. ಹಾಗಾಗಿ ಸಹೋದ್ಯೋಗಿಗಳೇ ದಾನಿಗಳು. ಯಾರು ಕೊಟ್ಟದ್ದು ಅಂತ ಎಲ್ಲೂ ಬರೆದಿಡುವುದಿಲ್ಲ, ಅದೊಂದು ಕಟ್ಟುನಿಟ್ಟು.

ಮೂತ್ರವನ್ನು ಹಾಗೇ ಇಟ್ಟರೆ ಬ್ಯಾಕ್ಟೀರಿಯಾ ಯೂರಿಯಾವನ್ನು ಒಡೆದು ಅಮೋನಿಯಾ ಮಾಡುತ್ತವೆ. ವಾಸನೆ ಸಹಿಸಿಕೊಳ್ಳಬಹುದು, ಆದರೆ ಅಮೋನಿಯಾ ಹೆಚ್ಚಿದ ಹಾಗೆ ಖನಿಜಗಳು ಕರಗಿರಲಾರದೆ ಗಟ್ಟಿಯಾಗಿ ಪೈಪಿನ ಗೋಡೆಗೆ ಕೂರುತ್ತವೆ. ಅದಕ್ಕೇ ಸಂಗ್ರಹಿಸಿದ ತಕ್ಷಣ ಆಮ್ಲ ಮತ್ತು ಕ್ರೋಮಿಯಂ ಟ್ರೈಆಕ್ಸೈಡ್ ಬೆರೆಸಬೇಕು. ನಿಲ್ದಾಣದಲ್ಲೂ ಅದೇ ಮಾಡುವುದು. ಆಮ್ಲ ಅಮೋನಿಯಾವನ್ನು ತಡೆದರೆ ಕ್ರೋಮಿಯಂ ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತದೆ. ತುಂಬ ಚೆನ್ನಾಗಿ ಕೆಲಸ ಮಾಡುವ, ತುಂಬ ಕೆಟ್ಟ ವಸ್ತು ಅದು. ಕ್ಯಾನ್ಸರ್ ತರುವಂಥದ್ದು. ನಮ್ಮ ಲ್ಯಾಬಿನಲ್ಲಿ ಅದನ್ನು ಮುಟ್ಟುವವರಿಗೆ ಗವಸು, ಮುಖಕವಚ, ಪ್ರತ್ಯೇಕ ಗಾಳಿ ಎಳೆಯುವ ಗೂಡು ಎಲ್ಲ ಇದೆ. ಮುಚ್ಚಿದ ನೌಕೆಯಲ್ಲಿ ಮೂರು ವರ್ಷ ಅದರ ಜೊತೆ ಇರುವವರ ಸ್ಥಿತಿ ಯೋಚಿಸಿ.

ಆಮ್ಲ ಅಂದೆನಲ್ಲ, ಅದರ ಹಿಂದೆ ಒಂದು ಕಥೆ ಇದೆ. ಈ ಕ್ಷೇತ್ರಕ್ಕೆ ಬಂದವರಿಗೆಲ್ಲ ನಾನು ಮೊದಲು ಹೇಳುವುದು ಇದನ್ನೇ. ನಿಲ್ದಾಣದ ಯಂತ್ರ ನೆಲದ ಮೇಲಿನ ಪರೀಕ್ಷೆಗಳಲ್ಲಿ 85% ಆರಾಮಾಗಿ ಕೊಟ್ಟಿತ್ತು. ಮೇಲೆ ಹೋದ ಮೇಲೆ, 2009ರಲ್ಲಿ, ಬಟ್ಟಿ ಇಳಿಸುವ ಘಟಕವೇ ಕೆಟ್ಟಿತು. ಒಳಗೆ ಕ್ಯಾಲ್ಸಿಯಂ ಸಲ್ಫೇಟ್ ಗಟ್ಟಿಯಾಗಿ ಕೂತಿತ್ತು, ನಮಗೆಲ್ಲ ಗೊತ್ತಿರುವ ಜಿಪ್ಸಂ. ಸಲ್ಫೇಟ್ ಬಂದದ್ದು ಬೆರೆಸುತ್ತಿದ್ದ ಸಲ್ಫ್ಯೂರಿಕ್ ಆಮ್ಲದಿಂದ. ಕ್ಯಾಲ್ಸಿಯಂ ಎಲ್ಲಿಂದ ಬಂತು? ಗಗನಯಾತ್ರಿಗಳ ಮೂಳೆಯಿಂದ. ತೂಕ ಹೊರುವ ಕೆಲಸ ಇಲ್ಲದಿದ್ದರೆ ದೇಹ ಮೂಳೆಯನ್ನು ಕರಗಿಸುತ್ತದೆ, ಕೆಲವು ಮೂಳೆಗಳಲ್ಲಿ ತಿಂಗಳಿಗೆ 1ರಿಂದ 1.5% ತನಕ. ಆ ಕ್ಯಾಲ್ಸಿಯಂ ಮೂತ್ರದಲ್ಲಿ ಹೊರಗೆ ಬರುತ್ತದೆ. ನೆಲದ ಮೇಲಿನ ದಾನಿಗಳ ಮೂತ್ರದಲ್ಲಿ ಅಷ್ಟು ಇರಲಿಲ್ಲ, ಅದಕ್ಕೇ ಪರೀಕ್ಷೆಯಲ್ಲಿ ಕಾಣಲಿಲ್ಲ. ಕೆಲವು ಕಾಲ 70%ರ ಆಸುಪಾಸಿಗೆ ಇಳಿಸಿಕೊಂಡು ಓಡಿಸಬೇಕಾಯಿತು. ಆಮೇಲೆ ಸಲ್ಫ್ಯೂರಿಕ್ ಬಿಟ್ಟು ಫಾಸ್ಫಾರಿಕ್ ಆಮ್ಲಕ್ಕೆ ಬಂದರು, ಮತ್ತೆ 85 ದಾಟಿತು. ನಾವು ದಾನಿಗಳ ಮೂತ್ರಕ್ಕೆ ಕ್ಯಾಲ್ಸಿಯಂ ಉಪ್ಪನ್ನು ಬೇಕಂತಲೇ ಸೇರಿಸಿ, ಮೂಳೆ ಕರಗುತ್ತಿರುವವರ ಮೂತ್ರದ ಹಾಗೆ ಮಾಡಿಕೊಂಡೇ ಯಂತ್ರಕ್ಕೆ ಹಾಕುವುದು. ಒಮ್ಮೊಮ್ಮೆ ಇನ್ನೂ ಜಾಸ್ತಿ ಹಾಕುತ್ತೇವೆ. ವ್ಯಾಯಾಮ ತಪ್ಪಿಸುವವರು ಅಲ್ಲೂ ಇರುತ್ತಾರಲ್ವಾ.

ಇನ್ನು ಅಳತೆ. ಎಷ್ಟು ನೀರು ವಾಪಸ್ ಬಂತು ಅಂತ ಹೇಳಲು ಒಳಗೆ ಹೋದದ್ದನ್ನೂ ಹೊರಗೆ ಬಂದದ್ದನ್ನೂ ತೂಗಿ ಭಾಗಿಸಿದರೆ ಆಯಿತು ಅಂತ ಕಾಣುತ್ತದೆ. 100 ಕೆ.ಜಿ ಹಾಕಿ, ನಿಮ್ಮ ತಕ್ಕಡಿಯ ತಪ್ಪು 1% ಇದ್ದರೆ, 98 ಬಂತೋ 97 ಬಂತೋ ಹೇಳುವುದು ಹೇಗೆ? ನಾವು ಮಾಡುವುದು ಉಲ್ಟಾ. ಸಿಕ್ಕಿದ್ದನ್ನು ಬಿಟ್ಟು ಕಳೆದುಹೋದದ್ದನ್ನು ತೂಗುತ್ತೇವೆ. ಕೊನೆಗೆ ಚೀಲದಲ್ಲಿ ಉಳಿದ ಗಟ್ಟಿ ಗಸಿಯಲ್ಲಿ 2 ಕೆ.ಜಿ ನೀರಿದ್ದರೆ, ಅದೇ 1% ತಪ್ಪಿನ ತಕ್ಕಡಿ ಅದನ್ನು 20 ಗ್ರಾಂ ಆಚೀಚೆಗೆ ಹೇಳುತ್ತದೆ. ಆದರೆ ಹೀಗೆ ಮಾಡಬೇಕಾದರೆ ಕಳೆದುಹೋಗುವ ದಾರಿಗಳೆಲ್ಲ ಗೊತ್ತಿರಬೇಕು. ಗಸಿ ಒಂದೇ ಅಲ್ಲ, ನಿರ್ವಾತ ಪಂಪಿನಿಂದ ಹೊರಹೋಗುವ ಆವಿ, ಸ್ಯಾಂಪಲ್ ತೆಗೆಯುವಾಗ ಚೆಲ್ಲಿದ್ದು, ಬಿಸಾಡಿದ ಫಿಲ್ಟರ್ ಹೀರಿಕೊಂಡದ್ದು, ಎಲ್ಲ. ಫಿಲ್ಟರ್ ಹಾಕುವ ಮುಂಚೆ ಒಮ್ಮೆ, ತೆಗೆದ ಮೇಲೆ ಒಮ್ಮೆ ತೂಗುವ ಅಭ್ಯಾಸ ನಮಗೆ ಬಂದದ್ದು ಹಾಗೆ. ಬೇಸರದ ಕೆಲಸ, ಆದರೆ ಯಾರಾದರೂ 99 ಅಂತ ಹೇಳಿಕೊಂಡಾಗ ಯಾವುದನ್ನು ತೂಗಿದಿರಿ ಅಂತ ಕೇಳುವ ಧೈರ್ಯ ಇದರಿಂದಲೇ ಬರುವುದು. ಮಲದಲ್ಲಿರುವ ನೀರನ್ನು ಈಗಲೂ ಯಾರೂ ವಾಪಸ್ ತೆಗೆಯುತ್ತಿಲ್ಲ ಅನ್ನುವುದೂ ನೆನಪಿರಲಿ.

ತೂಕವಿಲ್ಲದ ಸ್ಥಿತಿಯನ್ನು ನೆಲದ ಮೇಲೆ ತರುವುದು ಹೇಗೆ ಅಂತ ಕೇಳುತ್ತಾರೆ. ತರುವುದಿಲ್ಲ, ಆಗುವುದಿಲ್ಲ. ಜರ್ಮನಿಯ ಬ್ರೆಮೆನ್‌ನಲ್ಲಿ 146 ಮೀಟರ್ ಎತ್ತರದ ಗೋಪುರ ಇದೆ, ಅದರೊಳಗೆ ವಸ್ತುವನ್ನು ಬೀಳಿಸಿದರೆ ಐದು ಸೆಕೆಂಡಿಗೂ ಸ್ವಲ್ಪ ಕಡಿಮೆ ಸಿಗುತ್ತದೆ, ಕೆಳಗಿನಿಂದ ಚಿಮ್ಮಿಸಿದರೆ ಅದರ ಎರಡರಷ್ಟು. ವಿಮಾನವನ್ನು ಬಿಲ್ಲಿನಂತೆ ಏರಿಸಿ ಇಳಿಸಿದರೆ ಪ್ರತಿ ಸಲ 20 ಸೆಕೆಂಡಿನ ಹತ್ತಿರ. ಒಂದು ಹನಿ ಪೈಪಿನ ಮೂಲೆಯಲ್ಲಿ ಎಲ್ಲಿ ಕೂರುತ್ತದೆ ಅಂತ ನೋಡಲು ಅಷ್ಟು ಸಾಕು. ಗಂಟೆಗಟ್ಟಲೆ ಬಟ್ಟಿ ಇಳಿಸುವ ಯಂತ್ರಕ್ಕೆ ಏನೇನೂ ಸಾಲದು. ಹಾಗಾಗಿ ನಾವು ಬೆಂಚನ್ನೇ ತಿರುಗಿಸುತ್ತೇವೆ. ನೆಟ್ಟಗೆ ಒಂದು ವಾರ, ಅಡ್ಡ ಮಲಗಿಸಿ ಒಂದು ವಾರ, ತಲೆಕೆಳಗಾಗಿ ಒಂದು ವಾರ. ಮೂರರಲ್ಲೂ ಒಂದೇ ಥರ ಓಡಿದರೆ ಗುರುತ್ವ ಇದರಲ್ಲಿ ದೊಡ್ಡ ಪಾತ್ರಧಾರಿ ಅಲ್ಲ ಅಂತ ಸ್ವಲ್ಪ ಧೈರ್ಯವಾಗಿ ಹೇಳಬಹುದು. ತಲೆಕೆಳಗು ಮಾಡಿದಾಗ ಮಾತ್ರ ಸದ್ದು ಬದಲಾಯಿಸುವ ಪಂಪ್ ಇದ್ದರೆ ಅದನ್ನು ನಂಬಬೇಡಿ. ಮಂಗಳದ ನೆಲದಲ್ಲಿ ಗುರುತ್ವ ನಮ್ಮ 38%, ಚಂದ್ರನಲ್ಲಿ ಆರನೇ ಒಂದು ಪಾಲು. ಹೋಗುವಾಗ ಸೊನ್ನೆ, ಇಳಿದಾಗ ಇಷ್ಟು, ಮತ್ತೆ ಬರುವಾಗ ಸೊನ್ನೆ. ನೌಕೆಗೊಂದು, ನೆಲದ ಮನೆಗೊಂದು ಅಂತ ಬೇರೆ ಬೇರೆ ಯಂತ್ರ ಮಾಡಿದರೆ ಬಿಡಿಭಾಗಗಳ ಮೂಟೆ ಎರಡಾಗುತ್ತದೆ.

ಈಗ ನನ್ನ ಇಷ್ಟದ ವಿಷಯಕ್ಕೆ ಬರುತ್ತೇನೆ: ಯಂತ್ರವನ್ನು ನಿಲ್ಲಿಸಿಡುವುದು. ಇದರ ಬಗ್ಗೆ ಯಾರೂ ಜಾಸ್ತಿ ಮಾತಾಡುವುದಿಲ್ಲ. ಬಾಹ್ಯಾಕಾಶ ನಿಲ್ದಾಣದಲ್ಲಿ 2000ದ ನವೆಂಬರ್‌ನಿಂದ ಒಂದು ದಿನವೂ ತಪ್ಪದೆ ಜನ ಇದ್ದಾರೆ. ಅಲ್ಲಿನ ನೀರು ಹರಿಯುತ್ತಲೇ ಇರುತ್ತದೆ. ಮಂಗಳಕ್ಕೆ ಹೋದವರು ನೆಲಕ್ಕೆ ಇಳಿದಾಗ, ಮೇಲೆ ಸುತ್ತುತ್ತಿರುವ ದೊಡ್ಡ ನೌಕೆ ಒಂದು ವರ್ಷಕ್ಕೂ ಹೆಚ್ಚು ಕಾಲ ಖಾಲಿ ಇರಬಹುದು. ಚಂದ್ರನ ಸುತ್ತ ಗೇಟ್‌ವೇ ಅನ್ನುವ ಸಣ್ಣ ನಿಲ್ದಾಣದ ಯೋಜನೆ ಹಾಕಿದಾಗಲೂ ವರ್ಷದ ಬಹುಪಾಲು ಅದರಲ್ಲಿ ಜನ ಇರುವುದಿಲ್ಲ ಅಂತಲೇ ಲೆಕ್ಕ. ನಿಂತ ನೀರು, ಬೆಚ್ಚಗಿನ ಪೈಪು, ಒಂದಿಷ್ಟು ಸಾವಯವ ಕೊಳೆ. ಬ್ಯಾಕ್ಟೀರಿಯಾಕ್ಕೆ ಇನ್ನೇನು ಬೇಕು? ಗೋಡೆಗೆ ಅಂಟಿಕೊಂಡು, ಸುತ್ತ ಲೋಳೆ ಕಟ್ಟಿಕೊಂಡು ಕೂತುಬಿಡುತ್ತವೆ. ಒಮ್ಮೆ ಲೋಳೆ ಕಟ್ಟಿದ ಮೇಲೆ ಔಷಧಿ ಒಳಗೆ ಇಳಿಯುವುದೇ ಕಷ್ಟ. ಜನ ಇದ್ದು ನೀರು ಹರಿಯುತ್ತಿದ್ದ ನಿಲ್ದಾಣದಲ್ಲೇ ಕೊಳೆನೀರಿನ ದಾರಿಯಲ್ಲಿ ಇಂಥ ಲೋಳೆಯ ಉಂಡೆ ಸಿಕ್ಕಿಹಾಕಿಕೊಂಡು ತೊಂದರೆ ಕೊಟ್ಟಿದೆ. ನಿಂತ ನೀರಿನ ಗತಿ ಏನು?

ನಾವು ಒಂದೇ ಥರದ ಪೈಪ್ ಸುತ್ತುಗಳನ್ನು ಕಟ್ಟಿ, ಒಂದರಲ್ಲಿ ಔಷಧಿ ಬೆರೆಸಿದ ನೀರು ತುಂಬಿ ಬಿಟ್ಟೆವು, ಒಂದನ್ನು ಪೂರ್ತಿ ಖಾಲಿ ಮಾಡಿ ಒಣಗಿಸಿದೆವು, ಒಂದರಲ್ಲಿ ಆಗಾಗ ಪಂಪ್ ಓಡಿಸಿ ನೀರು ತಿರುಗಿಸಿದೆವು. ತಿಂಗಳುಗಟ್ಟಲೆ ಬಿಟ್ಟು ಆಮೇಲೆ ಕತ್ತರಿಸಿ ನೋಡುವುದು. ಔಷಧಿಯ ವಿಷಯದಲ್ಲಿ ಎರಡು ಸಂಪ್ರದಾಯ ಇವೆ. ಅಮೆರಿಕದವರು ನಿಲ್ದಾಣದ ತಮ್ಮ ಭಾಗದಲ್ಲಿ ಅಯೋಡಿನ್ ಹಾಕುತ್ತಾರೆ, ರಷ್ಯಾದವರು ಬೆಳ್ಳಿ. ಅಯೋಡಿನ್ ಥೈರಾಯಿಡ್‌ಗೆ ಒಳ್ಳೆಯದಲ್ಲ, ಹಾಗಾಗಿ ಕುಡಿಯುವ ಮುಂಚೆ ಅದನ್ನು ತೆಗೆಯಲು ಮತ್ತೊಂದು ಫಿಲ್ಟರ್ ಬೇಕು. ಬೆಳ್ಳಿಯನ್ನು ಆ ಪ್ರಮಾಣದಲ್ಲಿ ಹಾಗೇ ಕುಡಿಯಬಹುದು. ಆದರೆ ಬೆಳ್ಳಿ ನೀರಿನಲ್ಲಿ ಉಳಿಯುವುದಿಲ್ಲ, ಮೆಲ್ಲಗೆ ಲೋಹದ ಗೋಡೆಗೆ ಹೋಗಿ ಕೂರುತ್ತದೆ. ದೊಡ್ಡ ತೊಟ್ಟಿಯಲ್ಲಿ ನೀರು ಜಾಸ್ತಿ, ಅದನ್ನು ಮುಟ್ಟುವ ಗೋಡೆ ಕಡಿಮೆ, ಹಾಗಾಗಿ ಬೆಳ್ಳಿ ಬೇಗ ಖಾಲಿಯಾಗುವುದಿಲ್ಲ. ಸಣ್ಣ ಪೈಪಿನಲ್ಲಿ ಲೆಕ್ಕ ತಲೆಕೆಳಗು. ತೊಟ್ಟಿಯಿಂದ ಸ್ಯಾಂಪಲ್ ತೆಗೆದು ಬೆಳ್ಳಿ ಸರಿಯಾಗಿದೆ ಅಂತ ಬರೆದುಕೊಂಡ ದಿನವೇ ಬೆರಳಿಗಿಂತ ಸಣ್ಣ ಪೈಪಿನಲ್ಲಿ ಬೆಳ್ಳಿಯ ಸುಳಿವೇ ಇರಲಿಲ್ಲ. ಅದಕ್ಕೇ ನಮ್ಮಲ್ಲಿ ಈಗ ಸ್ಯಾಂಪಲ್ ತೆಗೆಯುವ ಜಾಗ ಅತೀ ಸಣ್ಣ ಪೈಪಿನ ತುದಿ.

ಒಣಗಿಸುವುದು ಸುಲಭ ಅಂತ ಕಾಣುತ್ತದೆ. ಒಣ ಗಾಳಿ ಬಿಡುತ್ತೀರಿ, ಹೊರಗೆ ಬರುವ ಗಾಳಿಯಲ್ಲಿ ತೇವ ಇಳಿಯುತ್ತಾ ಹೋಗುತ್ತದೆ, ಕೊನೆಗೆ ಮೀಟರ್ ಸೊನ್ನೆಯ ಹತ್ತಿರ ತೋರಿಸುತ್ತದೆ, ಮುಗಿಯಿತು ಅನ್ನಿಸುತ್ತದೆ. ಮುಗಿದಿರುವುದಿಲ್ಲ. ಒತ್ತಡ ಅಳೆಯುವ ಸೆನ್ಸರ್ ಕೂರುವ ಕುರುಡು ತುದಿ, ಓ-ರಿಂಗ್ (ಸಂದು ಸೋರದಂತೆ ಹಾಕುವ ರಬ್ಬರ್ ಬಳೆ) ಕೂರುವ ತೋಡು, ಅಕಾರ್ಡಿಯನ್ ಥರ ಮಡಚಿಕೊಳ್ಳುವ ತೊಟ್ಟಿಯ ಮಡಿಕೆಗಳು, ಇಲ್ಲೆಲ್ಲ ಗಾಳಿ ಹಾಯುವುದೇ ಇಲ್ಲ, ಹನಿ ಅಲ್ಲೇ ಕೂತಿರುತ್ತದೆ. ನಾವು ಕಂಡುಕೊಂಡ ಉಪಾಯ ಸರಳ. ಮೀಟರ್ ಒಣಗಿದೆ ಅಂದ ಮೇಲೆ ಎರಡೂ ಕಡೆ ವಾಲ್ವ್ ಮುಚ್ಚಿ, ರಾತ್ರಿ ಬಿಟ್ಟು, ಬೆಳಿಗ್ಗೆ ಮತ್ತೆ ತೇವ ನೋಡುವುದು. ಏರಿದ್ದರೆ ಎಲ್ಲೋ ನೀರು ಉಳಿದಿದೆ ಅಂತ ಅರ್ಥ. ಇಳಿಸಿ, ಮುಚ್ಚಿ, ಕಾಯಿರಿ, ಏರದೇ ಇರುವ ತನಕ. ಇದರಿಂದ ಬಂದ ಇನ್ನೊಂದು ಲಾಭ ಏನೆಂದರೆ ಪೈಪಿನ ನಕ್ಷೆಯನ್ನೇ ಬದಲಾಯಿಸಿದೆವು. ಕುರುಡು ತುದಿಗಳನ್ನು ಆದಷ್ಟು ತೆಗೆದೆವು, ಸೆನ್ಸರ್‌ಗಳ ಸಂಖ್ಯೆಯನ್ನೂ ಇಳಿಸಿದೆವು. ಸಾಫ್ಟ್‌ವೇರ್ ತಂಡದವರಿಗೆ ಇದು ಇಷ್ಟವಾಗಲಿಲ್ಲ, ಅವರಿಗೆ ಎಷ್ಟು ಸೆನ್ಸರ್ ಇದ್ದರೂ ಸಾಲದು. ಆದರೆ ಪ್ರತಿ ಸೆನ್ಸರ್ ಲೋಳೆಗೆ ಒಂದು ಮನೆ, ಕೆಡಲು ಒಂದು ವಸ್ತು.

ಮತ್ತೆ ಚಾಲೂ ಮಾಡುವಾಗ ಇನ್ನೊಂದು ತೊಂದರೆ. ಗೋಡೆಯಲ್ಲಿ ಸುಮ್ನೆ ಕೂತಿದ್ದ ಲೋಳೆ ನೀರಿನ ರಭಸಕ್ಕೆ ಚೂರುಚೂರಾಗಿ ಕಿತ್ತುಕೊಂಡು ಬಂದು ಸಣ್ಣ ಫಿಲ್ಟರ್‌ಗೆ ಬಡಿಯುತ್ತದೆ. ಪಂಪನ್ನು ಕಡಿಮೆ ವೇಗದಲ್ಲಿ ಶುರು ಮಾಡಿ, ಮೊದಲ ಕೆಲವು ಲೀಟರ್‌ಗಳನ್ನು ಒರಟು ಫಿಲ್ಟರ್ ಮೂಲಕ ಕೊಳೆನೀರಿನ ತೊಟ್ಟಿಗೇ ತಿರುಗಿಸಿಬಿಡುವುದು ಒಳ್ಳೆಯದು. ಆ ಲೀಟರ್‌ಗಳ ಒಂದು ಪಾಲು ಮತ್ತೆ ಸಿಗುವುದಿಲ್ಲ. ಶೇಕಡಾವಾರು ಇಳಿಯುತ್ತದೆ. ಇಳಿಯಲಿ.

ಗಾಳಿಯ ವಿಷಯ ನನ್ನ ನೇರ ಕೆಲಸ ಅಲ್ಲ, ಆದರೆ ನೀರಿನ ಲೆಕ್ಕದಲ್ಲಿ ಅದು ಬಂದೇ ಬರುತ್ತದೆ. ಒಬ್ಬರಿಗೆ ದಿನಕ್ಕೆ ಸುಮಾರು 0.84 ಕೆ.ಜಿ ಆಕ್ಸಿಜನ್ ಬೇಕು. ಅದನ್ನು ನೀರಿಗೆ ಕರೆಂಟ್ ಹಾಯಿಸಿ ಒಡೆದು ಮಾಡುವುದು, ಅಂದರೆ ದಿನಕ್ಕೆ ಒಬ್ಬರಿಗೆ ಹತ್ತಿರ ಹತ್ತಿರ ಒಂದು ಲೀಟರ್ ನೀರು ಇದಕ್ಕೇ ಹೋಗುತ್ತದೆ. ಉಳಿದ ಹೈಡ್ರೋಜನ್ ಅನ್ನು ಜನ ಉಸಿರು ಬಿಟ್ಟ ಕಾರ್ಬನ್ ಡೈಆಕ್ಸೈಡ್ ಜೊತೆ ಬಿಸಿ ಕ್ಯಾಟಲಿಸ್ಟ್ ಮೇಲೆ ಹಾಯಿಸಿದರೆ ನೀರು ಮತ್ತು ಮೀಥೇನ್ ಆಗುತ್ತವೆ. ಇದು ಸಬಾಟಿಯೇ ಕ್ರಿಯೆ, 2010ರಿಂದ ನಿಲ್ದಾಣದಲ್ಲಿ ಬಳಸಿದ್ದಾರೆ. ಹೈಡ್ರೋಜನ್‌ನ ಅರ್ಧ ಮೀಥೇನ್‌ಗೆ ಹೋಗಿಬಿಡುತ್ತದೆ, ಆ ಮೀಥೇನನ್ನು ಹೊರಗೆ ಬಿಡುತ್ತಾರೆ. ಹಾಗಾಗಿ ಆಕ್ಸಿಜನ್‌ಗೆ ಹೋದ ನೀರಿನಲ್ಲಿ ವಾಪಸ್ ಸಿಗುವುದು ಹೆಚ್ಚೆಂದರೆ ಅರ್ಧ. ಮೀಥೇನ್ ಒಡೆದು ಹೈಡ್ರೋಜನ್ ಉಳಿಸಿಕೊಳ್ಳುವ ಪ್ರಯತ್ನ ಹಲವರು ಮಾಡುತ್ತಿದ್ದಾರೆ. ಅದರಲ್ಲಿ ಉಳಿಯುವ ಮಸಿ ಎಲ್ಲದರ ಮೇಲೂ ಕೂತು ಕಟ್ಟಿಕೊಳ್ಳುತ್ತದೆ. ನೋಡಿ, ಕೊನೆಗೆ ಅವರದ್ದೂ ಕಟ್ಟಿಕೊಳ್ಳುವ ತೊಂದರೆಯೇ.

2010ರಲ್ಲಿ ನಿಲ್ದಾಣದ ನೀರಿನಲ್ಲಿ ಒಟ್ಟು ಸಾವಯವ ಕಾರ್ಬನ್ ಏರತೊಡಗಿತು. ಅಲ್ಲಿರುವ ಮೀಟರ್ ಒಟ್ಟು ಎಷ್ಟು ಅಂತ ಹೇಳುತ್ತದೆ, ಯಾವ ವಸ್ತು ಅಂತ ಹೇಳುವುದಿಲ್ಲ. ಸ್ಯಾಂಪಲ್ ಭೂಮಿಗೆ ತಂದು ನೋಡಿದಾಗ ಅದು ಡೈಮೀಥೈಲ್‌ಸಿಲೇನ್‌ಡಯಾಲ್ ಅಂತ ತಿಳಿಯಿತು. ಹೆಸರು ಭಯಂಕರ, ಮೂಲ ಮಾತ್ರ ಸಾಧಾರಣ: ಕ್ರೀಮು, ಡಿಯೋಡರೆಂಟ್, ಅಂಟು, ಸೀಲಂಟ್‌ಗಳಿಂದ ಗಾಳಿಗೆ ಸೇರುವ ಸಿಲಾಕ್ಸೇನ್‌ಗಳು ಒಡೆದು ಹೀಗಾಗುತ್ತವೆ. ಫಿಲ್ಟರ್‌ಗಳು ಅದನ್ನು ಹಿಡಿಯಲಿಲ್ಲ. ಇನ್ನೂ ಬಾಳಿಕೆ ಇದ್ದ ಫಿಲ್ಟರ್‌ಗಳನ್ನು ಬೇಗ ಬದಲಾಯಿಸಬೇಕಾಯಿತು. ಮಂಗಳದ ದಾರಿಯಲ್ಲಿ ಸ್ಯಾಂಪಲ್ ಯಾರ ಕೈಗೆ ಕೊಡುತ್ತೀರಿ? ಅದಕ್ಕೇ ಯಾವ ವಸ್ತು ಅಂತ ಅಲ್ಲೇ ಹೇಳುವ ಸಣ್ಣ ಉಪಕರಣ ಬೇಕು, ಇದರ ಮೇಲೆ ಬೇರೆ ತಂಡ ಕೆಲಸ ಮಾಡುತ್ತಿದೆ. ನಾವು ನಮ್ಮ ಪಾಲಿಗೆ, ಬೆಂಚಿನ ಸುತ್ತ ಬಳಸುವ ಅಂಟು, ಗ್ರೀಸ್, ಟೇಪ್ ಎಲ್ಲದರ ಪಟ್ಟಿ ಇಟ್ಟಿದ್ದೇವೆ. ಯಾರಾದರೂ ಹೊಸ ಟ್ಯೂಬ್ ತಂದರೆ ಮೊದಲು ಪಟ್ಟಿಗೆ ಸೇರಬೇಕು.

ರಿಪೇರಿಗೆ ಬರೋಣ. ನಿಲ್ದಾಣದಲ್ಲಿ ಏನಾದರೂ ಕೆಟ್ಟರೆ ಸಾಮಾನ್ಯವಾಗಿ ಇಡೀ ಪೆಟ್ಟಿಗೆಯನ್ನೇ ಬದಲಾಯಿಸುತ್ತಾರೆ. ಒಳಗೆ ಕೆಟ್ಟಿರುವುದು ಅಂಗೈಯಷ್ಟು ವಾಲ್ವ್ ಇರಬಹುದು, ಬದಲಾಗುವುದು ಹತ್ತಾರು ಕೆ.ಜಿಯ ಪೆಟ್ಟಿಗೆ. ದೂರದ ಪ್ರಯಾಣಕ್ಕೆ ಹಾಗೆ ಪೆಟ್ಟಿಗೆಗಳನ್ನು ಹೊತ್ತುಕೊಂಡು ಹೋಗಲಾಗುವುದಿಲ್ಲ, ಆ ವಾಲ್ವನ್ನೇ ಬಿಚ್ಚಿ ಹಾಕಬೇಕು. ಹಾಗಾಗಿ ನಾವು ಒಂದು ಪರೀಕ್ಷೆ ಶುರು ಮಾಡಿದೆವು. ಯಂತ್ರ ಕಟ್ಟದವರಿಗೆ ಪುಸ್ತಕ ಕೊಟ್ಟು ರಿಪೇರಿ ಮಾಡಿಸುವುದು. ಸಹಾಯ ಕೇಳಬಹುದು, ಆದರೆ ಮಾತು 20 ನಿಮಿಷ ತಡವಾಗಿ ನಮಗೆ ತಲುಪುತ್ತದೆ, ಉತ್ತರ ಹೋಗಲು ಇನ್ನೊಂದು 20 ನಿಮಿಷ. ಮಂಗಳ ಇರುವ ಜಾಗ ನೋಡಿಕೊಂಡು ನಿಜವಾದ ತಡ ಒಂದು ಕಡೆಗೆ 3ರಿಂದ 22 ನಿಮಿಷ ಇರುತ್ತದೆ.

ಒಂದು ಸಲ ಸಾಫ್ಟ್‌ವೇರ್ ತಂಡದ ಹುಡುಗಿಯನ್ನು ಕೂರಿಸಿದೆವು. ಪಂಪಿನ ಸೀಲ್ ಬದಲಾಯಿಸಬೇಕು. ಪಕ್ಕದ ಕೋಣೆಯಲ್ಲಿ ನಾನು. ಸ್ಪೀಕರ್‌ನಲ್ಲಿ ಅವಳ ದನಿ ಬಂತು: "ಸರ್, ನೀಲಿ ಟ್ಯಾಗ್ ಇರೋ ವಾಲ್ವ್ ಇಲ್ಲಿ ಎರಡಿದೆ. ಪುಸ್ತಕದಲ್ಲಿ ಒಂದೇ ಇದೆ. ಯಾವುದನ್ನ ಮುಚ್ಚಲಿ?" ಅವಳು ಇದನ್ನು ಕೇಳಿ ಆಗಲೇ 20 ನಿಮಿಷ ಆಗಿತ್ತು. ನಾನು ಎಡಗಡೆಯದು ಅಂತ ಹೇಳಿದೆ. ಅದು ಅವಳಿಗೆ ಮುಟ್ಟುವ ಮುಂಚೆಯೇ ಮತ್ತೊಂದು ಮಾತು ಬಂತು: "ಎರಡನ್ನೂ ಮುಚ್ಚಿಬಿಟ್ಟೆ ಸರ್, ಸೀಲ್ ಹೊರಗೆ ಬಂತು. ಆದ್ರೆ ಈ ಸ್ಕ್ರೂ ತೆಗೆದ್ರೆ ಹಾರಿ ಹೋಗುತ್ತಲ್ಲ, ಅಲ್ಲಿ ತೂಕ ಇರಲ್ವಲ್ಲ, ಎಲ್ಲಿ ಇಡ್ತಾರೆ?" ಅವತ್ತು ನನ್ನ ಯಾವ ಉತ್ತರವೂ ಅವಳ ಉಪಯೋಗಕ್ಕೆ ಬರಲಿಲ್ಲ, ಅವಳ ಎರಡು ಪ್ರಶ್ನೆ ಮಾತ್ರ ನಮಗೆ ಬಹಳ ಉಪಯೋಗಕ್ಕೆ ಬಂದವು. ಈಗ ಟ್ಯಾಗ್‌ಗಳಿಗೆ ಬಣ್ಣದ ಜೊತೆ ಸಂಖ್ಯೆ ಇದೆ, ಒಂದೇ ಸಂಖ್ಯೆ ಎರಡು ಕಡೆ ಇಲ್ಲ. ಸ್ಕ್ರೂಗಳೆಲ್ಲ ಬಿಚ್ಚಿದರೂ ಮುಚ್ಚಳಕ್ಕೇ ಅಂಟಿಕೊಂಡಿರುವ ಜಾತಿಯವು, ಎಲ್ಲಕ್ಕೂ ಒಂದೇ ಅಳತೆಯ ಕೀಲಿ.

ಒಂದೇ ಅಳತೆ ಅನ್ನುವುದು ಹಠದ ಮಾತಲ್ಲ. 1970ರ ಏಪ್ರಿಲ್‌ನಲ್ಲಿ ಅಪೋಲೋ 13ರಲ್ಲಿ ಮುಖ್ಯ ನೌಕೆಯ ಗಾಳಿ ಶುದ್ಧ ಮಾಡುವ ಡಬ್ಬಿಗಳು ಚೌಕ, ಚಂದ್ರನ ಮೇಲೆ ಇಳಿಯುವ ನೌಕೆಯಲ್ಲಿ ಅವು ಕೂರುವ ಜಾಗ ದುಂಡಗೆ. ಪ್ಲಾಸ್ಟಿಕ್ ಚೀಲ, ರಟ್ಟು, ಟೇಪ್, ಪೈಪು ಹಾಕಿ ಜೋಡಿಸಿ ಬದುಕಿ ಬಂದರು. ಎಲ್ಲರೂ ಆ ಜಾಣತನವನ್ನು ಹೊಗಳುತ್ತಾರೆ. ಒಂದೇ ಪ್ರಯಾಣದ ಎರಡು ನೌಕೆಗೆ ಎರಡು ಆಕಾರ ಯಾಕಿತ್ತು ಅನ್ನುವುದು ನನ್ನಂಥವರ ತಲೆ ಕೊರೆಯುವ ಪ್ರಶ್ನೆ. ಎರಡನ್ನೂ ಬೇರೆ ಬೇರೆ ಕಂಪನಿಗಳು ಕಟ್ಟಿದ್ದವು. ಇವತ್ತೂ ಪರಿಸ್ಥಿತಿ ಹೆಚ್ಚು ಬೇರೆ ಅಲ್ಲ, ನೌಕೆ ಒಬ್ಬರದ್ದು, ಇಳಿಯುವ ಗಾಡಿ ಇನ್ನೊಬ್ಬರದ್ದು, ನೆಲದ ಮನೆ ಮತ್ತೊಬ್ಬರದ್ದು. ಫಿಲ್ಟರ್‌ನ ಬಾಯಿ ಎಷ್ಟು ಅಗಲ ಅಂತ ಒಪ್ಪಿಕೊಳ್ಳಲು ನಡೆಯುವ ಮೀಟಿಂಗ್‌ಗಳು ನಿಜವಾದ ಎಂಜಿನಿಯರಿಂಗ್‌ಗಿಂತ ಉದ್ದ. ಆದರೂ ಆ ಮೀಟಿಂಗ್ ತಪ್ಪಿಸಬೇಡಿ, ಹೊಸಬರಿಗೆ ಇದನ್ನಂತೂ ಹೇಳುತ್ತೇನೆ.

ಸದ್ಯಕ್ಕೆ ನಮ್ಮ ಬೆಂಚಿನ ಮೇಲೆ ಇರುವುದು ಕ್ರೋಮಿಯಂ ಇಲ್ಲದ ಮಿಶ್ರಣದ ಪರೀಕ್ಷೆ. ಓಡುತ್ತಿರುವ ಯಂತ್ರದಲ್ಲಿ ಅದು ಚೆನ್ನಾಗಿಯೇ ನಡೆದಿದೆ. ಅಮೋನಿಯಾ ಏರಿಲ್ಲ, ಡ್ರಮ್ಮಿನ ಗೋಡೆಯಲ್ಲಿ ತೆಳುವಾದ ಬಿಳಿ ಪದರ ಬಿಟ್ಟರೆ ಬೇರೇನೂ ಕೂತಿಲ್ಲ, ಆ ಪದರವೂ ಆಮ್ಲದಲ್ಲಿ ತೊಳೆದರೆ ಹೋಗುತ್ತದೆ. ನಿಲ್ಲಿಸಿಟ್ಟ ಪೈಪಿನಲ್ಲಿ ಕಥೆ ಬೇರೆ, ಕೆಲವು ಸುತ್ತುಗಳಲ್ಲಿ ಓ-ರಿಂಗ್ ಪಕ್ಕ ಲೋಳೆ ಮತ್ತೆ ಕಾಣಿಸಿಕೊಂಡಿದೆ. ಪ್ರಮಾಣ ಹೆಚ್ಚಿಸಿದರೆ ರಬ್ಬರ್ ಮೆತ್ತಗಾಗುತ್ತದೆ. ಹಾಗಾಗಿ ಈಗ ಓ-ರಿಂಗ್‌ನ ರಬ್ಬರನ್ನೇ ಬದಲಾಯಿಸಿ ಇನ್ನೊಂದು ಸುತ್ತು ನಿಲ್ಲಿಸಿಟ್ಟಿದ್ದೇವೆ. ಅದು ಗೆಲ್ಲುವ ತನಕ ಯೋಜನೆಯ ಪಟ್ಟಿಯಲ್ಲಿ ಕ್ರೋಮಿಯಂ ಇದ್ದೇ ಇರುತ್ತದೆ.